ಕೂರಿಸಿ ಹೇಳಬೇಕಾದ ಸುದ್ದಿ

ನಾನು ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಯಂತ್ರಗಳು ಬಂದು ಸಮಾಜ ಹೇಗೆ ಬದಲಾಯಿತು ಅನ್ನುವ ಪಾಠ ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಅಚ್ಚಿನ ಯಂತ್ರ ಬಂತು, ಕೈಯಲ್ಲಿ ಪುಸ್ತಕ ನಕಲು ಮಾಡುತ್ತಿದ್ದವರ ಕೆಲಸ ಹೋಯಿತು. ಗಿರಣಿ ಬಂತು, ನೇಕಾರರು ಬೀದಿಗೆ ಬಿದ್ದರು, ಹೊಟ್ಟೆ ಉರಿದ ಕೆಲವರು ನುಗ್ಗಿ ಯಂತ್ರ ಒಡೆದರು. ರೈಲು ಬಂತು, ತಂತಿ ಬಂತು, ಟೆಲಿಫೋನು ಬಂತು. ಅನುಕೂಲಗಳು ಇಷ್ಟು, ಅನಾನುಕೂಲಗಳು ಇಷ್ಟು, ನಾಲ್ಕು ಅಂಕ. ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಎಲ್ಲರ ಉತ್ತರದಲ್ಲೂ ಒಂದು ವಾಕ್ಯ ಇದ್ದೇ ಇರುತ್ತದೆ: ದೂರವಾಣಿಯಿಂದಾಗಿ ಇಡೀ ಜಗತ್ತೇ ಒಂದು ಹಳ್ಳಿಯಾಗಿದೆ. ನಾನು ಕೆಂಪು ಪೆನ್ನಿನಲ್ಲಿ ಸರಿ ಎಂದು ಗುರುತು ಹಾಕುತ್ತೇನೆ. ಹಾಕುವಾಗ ಮೈಯೆಲ್ಲ ಉರಿಯುತ್ತದೆ. ಈ ವಾಕ್ಯವನ್ನು ಮೊದಲು ಬರೆದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ, ಆದರೆ ಅವನು ನಮ್ಮ ಹಳ್ಳಿಯ ನಮ್ಮ ಬೀದಿಯಲ್ಲಿ ಹುಟ್ಟಿದವನಂತೂ ಅಲ್ಲ.

ನಮ್ಮ ಊರು ಹರವೆ ಕಡೆಯದು. ಮೇಲಿನ ಬೀದಿ, ಕೆಳಗಿನ ಬೀದಿ ಎಂದು ಎರಡು ಭಾಗ. ಮೇಲಿನ ಬೀದಿಯಲ್ಲಿ ಲಿಂಗ ಕಟ್ಟಿದವರ, ಜಮೀನು ಉಳ್ಳವರ ಮನೆಗಳು. ಅದರಲ್ಲಿ ಒಂದನ್ನು ಊರೆಲ್ಲ ದೊಡ್ಡ ಮನೆ ಅನ್ನುತ್ತಿತ್ತು. ಕೆಳಗಿನ ಬೀದಿ ನಮ್ಮದು. ಮೇಲಿನ ಬೀದಿಯಲ್ಲಿ ಯಾರಾದರೂ ಸತ್ತರೆ ಆ ಸುದ್ದಿಯನ್ನು ಊರೂರಿಗೆ ನಡೆದುಕೊಂಡು ಹೋಗಿ ಅವರ ನೆಂಟರಿಗೆ ಮುಟ್ಟಿಸುವುದು ನಮ್ಮ ಮನೆಯ ಕೆಲಸ. ಅಜ್ಜ ಮಾಡಿದ, ಅವನ ಹಿಂದೆ ಅಪ್ಪ ಮಾಡಿದ. ಕೇಳಿ ಪಡೆದ ಕೆಲಸವಲ್ಲ, ಬೇಡ ಅನ್ನುವ ಹಾಗೂ ಇರಲಿಲ್ಲ. ಇದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಅವರ ಕಣದ ಅಂಚಿಗೆ ಹೋಗಿ ನಿಂತರೆ ಮೊರದಲ್ಲಿ ರಾಗಿ ಹಾಕುತ್ತಿದ್ದರು.

ಆ ಕೆಲಸಕ್ಕೆ ಅದರದೇ ಕಟ್ಟುಪಾಡು ಇತ್ತು. ಹೊರಟವನು ಚಪ್ಪಲಿ ಮೆಟ್ಟುವಂತಿಲ್ಲ, ದಾರಿಯಲ್ಲಿ ಎಲ್ಲೂ ಕೂತು ಮಾತಾಡುವಂತಿಲ್ಲ. ಸುದ್ದಿ ಮುಟ್ಟಿಸುವ ತನಕ ಒಂದು ಗುಟುಕು ನೀರೂ ಕುಡಿಯುವಂತಿಲ್ಲ. ನೆಂಟರ ಮನೆ ಮುಂದೆ ನಿಂತು ತಲೆಯ ಮೇಲಿನ ಟವಲು ತೆಗೆದು ಕಂಕುಳಿಗೆ ಇಟ್ಟುಕೊಳ್ಳಬೇಕು. ಸತ್ತರು ಎಂಬ ಮಾತು ಬಾಯಿಂದ ಬರಬಾರದು. ‘ಇಂಥವರು ನಿಮ್ಮನ್ನು ನೋಡಬೇಕಂತೆ, ಬರಬೇಕಂತೆ’ ಎಂದರೆ ಅರ್ಥ ಆಗುತ್ತಿತ್ತು. ಇವಿಷ್ಟು ಎಲ್ಲರೂ ಪಾಲಿಸುತ್ತಿದ್ದ ನಿಯಮ. ಅಪ್ಪ ಅದಕ್ಕೆ ತನ್ನದೊಂದನ್ನು ಸೇರಿಸಿಕೊಂಡಿದ್ದ. ಕೇಳುವವರು ಕೂತಿರಬೇಕು. ಊಟಕ್ಕೆ ಕೂತಿದ್ದರೆ ಕೈ ತೊಳೆಯುವವರೆಗೆ ಬೀದಿಯ ಆಚೆಗೇ ಕಾಯುತ್ತಿದ್ದ. ತುಂಬಿದ ಬಸುರಿ ಇದ್ದರೆ ಪಕ್ಕದ ಮನೆಯ ಹಿರಿಯಳನ್ನು ಕರೆದು ಅವಳ ಬಾಯಿಂದ ಹೇಳಿಸುತ್ತಿದ್ದ. ಬಿಸಿಲಲ್ಲಿ ನಡೆದು ಬಂದವನು, ಬಾಯಿ ಒಣಗಿರುತ್ತಿತ್ತು, ಆದರೂ ಕಾಯುತ್ತಿದ್ದ. ಎಲ್ಲ ಊರು ಮುಗಿಸಿ ವಾಪಸು ಬಂದು ಸತ್ತವರ ಮನೆಯ ಅಂಗಳದಲ್ಲಿ ನಿಂತು ‘ಎಲ್ಲಾರ್ಗೂ ಮುಟ್ಟಿಸ್ದಿ ಬುದ್ದಿ’ ಎನ್ನಬೇಕು. ಹಾಗೆ ಅನ್ನುವವರೆಗೆ ಮೇಲಿನ ಬೀದಿಯ ಎಂಥ ದೊಡ್ಡವರ ಹೆಣವನ್ನೂ ಎತ್ತುತ್ತಿರಲಿಲ್ಲ. ನಮ್ಮ ಬೀದಿಯಲ್ಲೂ ಅದೇ ರೂಢಿ. ಸುದ್ದಿ ಒಯ್ದವನು ಬರುವ ತನಕ ಮಣ್ಣಿಲ್ಲ.

ಇದನ್ನೆಲ್ಲ ಓದಿ ಯಾರಾದರೂ ಆಹಾ, ಎಂಥ ಕಾಲ ಅದು ಎಂದು ಕಣ್ಣು ಒರೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ. ನಾನು ಆ ಕಾಲವನ್ನು ಹತ್ತಿರದಿಂದ ನೋಡಿದವಳು. ಬೆಳಿಗ್ಗೆ ಎದ್ದು ಬಾಗಿಲು ತೆರೆದಾಗ ಅಪ್ಪ ಬೀದಿಯಲ್ಲಿ ಕಂಡರೆ ಹೆಂಗಸರು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದರು. ಶಾಲೆಯಲ್ಲಿ ಮೇಲಿನ ಬೀದಿಯ ಹುಡುಗಿಯರು ನನ್ನ ಪಕ್ಕ ಕೂರುವುದಕ್ಕೆ ಮುಂಚೆ, ಇವತ್ತು ನಿಮ್ಮಪ್ಪ ಯಾರ ಮನೆಗೆ ಹೋಗಿದ್ದಾನೆ ಎಂದು ಕೇಳಿ ನಗುತ್ತಿದ್ದರು. ಸಾವಿನ ಮನೆಯಲ್ಲಿ ಅಪ್ಪನಿಗೆ ಊಟ ಹಾಕುತ್ತಿದ್ದರು ನಿಜ, ಕೊಟ್ಟಿಗೆಯ ಪಕ್ಕ, ಎಲೆಯ ಮೇಲೆ, ಮೇಲಿನಿಂದ ಬಿಡುತ್ತಿದ್ದರು. ತಾವು ಅಳುವಾಗಲೂ ಆ ಅಂತರ ಕಾಯ್ದುಕೊಳ್ಳುವುದನ್ನು ಅವರು ಮರೆಯುತ್ತಿರಲಿಲ್ಲ. ನಾನು ದೇವರಲ್ಲಿ ಕೇಳಿಕೊಳ್ಳುತ್ತಿದ್ದದ್ದು ಒಂದೇ, ಈ ಕೆಲಸ ತೊಲಗಲಿ ಎಂದು.

ತೊಲಗಿಸಲು ಬಂದದ್ದು ದೇವರಲ್ಲ, ಟೆಲಿಫೋನು. ಮೊದಲು ಬಂದದ್ದು ದೊಡ್ಡ ಮನೆಗೇ. ಪಡಸಾಲೆಯ ಗೂಡಿನಲ್ಲಿ ಇಟ್ಟು, ಮೇಲೆ ಕಸೂತಿ ಹಾಕಿದ ಬಟ್ಟೆ ಮುಚ್ಚಿದ್ದರು ಎಂದು ಅಲ್ಲಿ ಕಸ ಹೊಡೆಯಲು ಹೋಗುತ್ತಿದ್ದ ಅವ್ವ ಬಂದು ಹೇಳಿದ್ದಳು. ಅದಾದ ಸ್ವಲ್ಪ ದಿನಕ್ಕೆ ಆ ಮನೆಯ ಹಿರಿಯವ್ವ ತೀರಿಕೊಂಡರು. ಸುದ್ದಿ ಕಿವಿಗೆ ಬೀಳುತ್ತಲೇ ಅಪ್ಪ ಸ್ನಾನ ಮಾಡಿ, ತಲೆಗೆ ಟವಲು ಸುತ್ತಿ, ಅವರ ಮನೆ ಮುಂದಿನ ಹೊಂಗೆ ಮರದ ಕೆಳಗೆ ಹೋಗಿ ನಿಂತ. ಯಾವ ಯಾವ ಊರು ಎಂದು ಒಳಗಿನಿಂದ ಯಾರಾದರೂ ಬಂದು ಹೇಳಬೇಕು, ಹೇಳಿದರೆ ಹೊರಡಬೇಕು. ಯಾರೂ ಬರಲಿಲ್ಲ. ಶಾಲೆಯಿಂದ ಮಧ್ಯಾಹ್ನದ ಊಟಕ್ಕೆ ಬಿಟ್ಟಾಗ ನಾನು ಆ ದಾರಿಯಲ್ಲೇ ಬಂದೆ. ಅಪ್ಪ ಅಲ್ಲೇ ನಿಂತಿದ್ದ. ಅಷ್ಟರಲ್ಲಿ ನೆಂಟರ ಕಾರು, ಜೀಪು ಬಂದು ನಿಲ್ಲತೊಡಗಿದವು. ಕಾರಿನಿಂದ ಇಳಿದವರನ್ನು ಅಪ್ಪ ಬೆರಗಾಗಿ ನೋಡುತ್ತಿದ್ದ. ತಾನು ಹೋಗಿ ಹೇಳದೆ ಇವರಿಗೆ ಹೇಗೆ ಗೊತ್ತಾಯಿತು ಎಂದು ಅವನಿಗೆ ತಕ್ಷಣ ಹೊಳೆದಿರಲಿಲ್ಲ. ಕೊನೆಗೆ ಮನೆಯ ಹಿರಿಯ ಮಗ ಹೊರಗೆ ಬಂದವನು ಅಪ್ಪನನ್ನು ಕಂಡ.

“ಫೋನ್ ಮಾಡಾಯ್ತು ಕಣ್ಲಾ. ನೀನ್ಯಾಕ್ಲಾ ಇನ್ನೂ ನಿಂತಿದ್ದೀಯ? ಓಗು, ಗುಂಡಿ ಕಡೆ ನೋಡ್ಕೊ.”

ಅಪ್ಪ ತಲೆಯ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಗುದ್ದಲಿ ತರಲು ಮನೆಗೆ ಬಂದ. ನನಗೆ ಖುಷಿಯಾಗಿತ್ತು. ಇನ್ನು ಅಪ್ಪ ಬಿಸಿಲಲ್ಲಿ ಅಲೆಯಬೇಕಿಲ್ಲ, ಇನ್ನು ಶಾಲೆಯಲ್ಲಿ ಯಾರೂ ನಗುವುದಿಲ್ಲ ಎಂದುಕೊಂಡೆ. ಅಪ್ಪನ ಮುಖ ಮಾತ್ರ ಬಾಡಿತ್ತು. ಅದೇಕೆ ಎಂದು ನನಗೆ ಆಗ ತಿಳಿಯಲಿಲ್ಲ. ತಿಳಿದದ್ದು ಆ ವರ್ಷದ ಸುಗ್ಗಿಯಲ್ಲಿ. ಕಣದ ಅಂಚಿನಲ್ಲಿ ನಿಂತ ಅಪ್ಪನಿಗೆ ಅದೇ ಹಿರಿಯ ಮಗ, ಫೋನಿನ ಬಿಲ್ಲೂ ನಾವೇ ಕಟ್ಟಬೇಕು, ನಿನಗೂ ರಾಗಿ ಅಳೆಯಬೇಕಾ ಎಂದು ಕೇಳಿದನಂತೆ. ಅಪ್ಪ ಬರಿ ಚೀಲ ಮಡಚಿಕೊಂಡು ಬಂದ.

ಆದರೆ ಗುಂಡಿ ತೋಡುವುದು ನಿಲ್ಲಲಿಲ್ಲ. ಸತ್ತ ದನ ಎಳೆಯುವುದು ನಿಲ್ಲಲಿಲ್ಲ. ಮೇಲಿನ ಬೀದಿಯವರನ್ನು ಬುದ್ದಿ ಅನ್ನುವುದು ನಿಲ್ಲಲಿಲ್ಲ. ಫೋನು ಬಂದು ಅಪ್ಪನ ನಡಿಗೆ ಹೋಯಿತು, ಅಪ್ಪ ನಿಲ್ಲಬೇಕಾದ ಜಾಗ ಎಲ್ಲಿತ್ತೋ ಅಲ್ಲೇ ಉಳಿಯಿತು. ನನ್ನ ಪಾಠದ ಪುಸ್ತಕದಲ್ಲಿ ಇದನ್ನು ಅನುಕೂಲದ ಕೆಳಗೆ ಬರೆಯಬೇಕೋ ಅನಾನುಕೂಲದ ಕೆಳಗೆ ಬರೆಯಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹೊಸ ಯಂತ್ರ ಬಂದಾಗ ಮೇಲಿನವರು ತಮಗೆ ಬೇಕಾದ್ದನ್ನು ಇಟ್ಟುಕೊಂಡು ಕೊಡಬೇಕಾದ್ದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಇಡೀ ಪಾಠದ ಸಾರಾಂಶ ಇಷ್ಟೇ, ಆದರೆ ಹೀಗೆ ಬರೆದರೆ ಅಂಕ ಕೊಡುವ ಹಾಗಿಲ್ಲ.

ಮುಂದೆ ನಾನು ಓದಿದೆ, ಕೆಲಸ ಸಿಕ್ಕಿತು, ಚಾಮರಾಜನಗರದಲ್ಲಿ ಮನೆ ಮಾಡಿದೆ. ಅವ್ವ ತೀರಿಕೊಂಡ ಮೇಲೆ ಅಪ್ಪ ಊರಿನಲ್ಲಿ ತಮ್ಮನ ಸಂಸಾರದ ಜೊತೆ ಇದ್ದ. ತಮ್ಮನಿಗೂ ಒಂದು ಸಣ್ಣ ಸರ್ಕಾರಿ ಕೆಲಸ ಇತ್ತು, ಕೂಲಿಗೆ ಹೋಗುವ ಪಾಡು ತಪ್ಪಿತ್ತು. ಮೊಬೈಲು ಬಂದಾಗ ಅಪ್ಪನಿಗೆ ಮೊದಲ ಬಟನ್ ಫೋನು ತೆಗೆದುಕೊಟ್ಟವಳು ನಾನೇ. ಅಪ್ಪ ಅದರಲ್ಲಿ ಮಾತಾಡುತ್ತಿದ್ದ, ನಗುತ್ತಿದ್ದ, ಗುಂಡ್ಲುಪೇಟೆಯ ಸಂತೆಯಲ್ಲಿ ಈರುಳ್ಳಿ ಏನು ರೇಟು ಎಂದು ಕೇಳುತ್ತಿದ್ದ. ಆದರೆ ಯಾರದಾದರೂ ಸಾವಿನ ಸುದ್ದಿ ಹೇಳುವುದಿದ್ದರೆ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಫೋನಿನ ಪರವಾಗಿಯೇ ವಾದ ಮಾಡಿದವಳು. ಆ ದರಿದ್ರದ ಕೆಲಸದಿಂದ ನಿನ್ನನ್ನು ಬಿಡಿಸಿದ್ದು ಇದೇ ಅಲ್ಲವಾ, ಇದಕ್ಕೆ ಕೈಮುಗಿಯಬೇಕು ಎಂದು ರೇಗಿಸುತ್ತಿದ್ದೆ. ಅಪ್ಪ ಅದಕ್ಕೆ ಸಿಟ್ಟು ಮಾಡಿಕೊಳ್ಳಲಿಲ್ಲ.

“ಕೆಲ್ಸ ಓಗಿದ್ದು ಒಳ್ಳೇದೇ ಬುಡು. ಆದ್ರ ಫೋನಲ್ಲಿ ಮೊಕ ಕಾಣಲ್ಲ ಕಣಮ್ಮಿ. ಆ ಕಡಿಯೋರು ಕೂತವ್ರೋ ನಿಂತವ್ರೋ ಎಂಗ್ ಗೊತ್ತಾಯ್ತದ? ಸಾವ ಕೂರ್ಸಿ ಯೋಳ್ಬೇಕು.”

ವಿಡಿಯೋ ಕಾಲ್ ಮಾಡಿದರೆ ಮುಖವೂ ಕಾಣುತ್ತದೆ ಎಂದು ನಾನು ನಗಾಡಿದ್ದೆ.

ಅಷ್ಟರಲ್ಲಿ ಊರು ಇನ್ನೂ ಮುಂದಕ್ಕೆ ಹೋಗಿತ್ತು. ಗುಂಡಿ ತೋಡಲು ಜೆಸಿಬಿ ಬಂತು. ಮನೆಯಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ, ಬಾಯಿಗೆ ನೀರು ಬಿಟ್ಟವರ ಕೈ ಆರುವ ಮುಂಚೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬರುತ್ತಿತ್ತು. ಫೋಟೋದ ಸುತ್ತ ಹೂವು, ಎರಡು ಕಡೆ ದೀಪ, ಕೆಳಗೆ ಎಷ್ಟು ಹೊತ್ತಿಗೆ ಮಣ್ಣು ಎಂದು ಸಮಯ. ಅದನ್ನು ಮಾಡುವ ಹುಡುಗರು ಊರಿನಲ್ಲೇ ಇದ್ದರು. ತಮ್ಮನ ಮಗ ಕಾಲೇಜು ಓದುವವನು, ಅದರಲ್ಲಿ ಅವನದು ಎತ್ತಿದ ಕೈ. ಮೇಲಿನ ಬೀದಿಯವರೂ ಫೋಟೋ ಕಳಿಸಿ ಅವನ ಹತ್ತಿರವೇ ಮಾಡಿಸಿಕೊಳ್ಳುತ್ತಿದ್ದರು. ನೋಡಿ, ತಾತನ ಕೆಲಸ ಮೊಮ್ಮಗನಿಗೆ ಬಂತು ಎಂದು ನಾನೇ ಒಂದು ಸಲ ತಮಾಷೆ ಮಾಡಿದ್ದೆ. ರಾಗಿಯ ಮಾತಂತೂ ಯಾರೂ ಎತ್ತುತ್ತಿರಲಿಲ್ಲ.

ಹೋದ ಬೇಸಿಗೆಯ ಕೊನೆಗೆ ಅಪ್ಪ ಹಾಸಿಗೆ ಹಿಡಿದ. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಾಗ ನಾನು ರಜೆ ಹಾಕಿ ಊರಿಗೆ ಹೋದೆ. ಅಪ್ಪನಿಗೆ ಇದ್ದದ್ದು ಒಬ್ಬಳೇ ಅಕ್ಕ. ನನ್ನ ಸೋದರತ್ತೆ. ಗುಂಡ್ಲುಪೇಟೆಯ ಆಚೆ, ಬಂಡೀಪುರದ ಕಾಡಿನ ಅಂಚಿನ ಒಂದು ಊರಿಗೆ ಕೊಟ್ಟಿದ್ದರು. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ತಲೆ ಸುತ್ತಿನ ಕಾಯಿಲೆ, ಬಸ್ಸು ಹತ್ತಲು ಆಗುತ್ತಿರಲಿಲ್ಲ, ಆದರೂ ತಾನು ಬಂದು ಅವನನ್ನು ನೋಡಬೇಕು ಎಂದು ದಿನವೂ ಹೇಳಿ ಕಳಿಸುತ್ತಿದ್ದಳು. ಅಪ್ಪ ಒಂದು ಸಂಜೆ ನನ್ನನ್ನೂ ತಮ್ಮನನ್ನೂ ಹತ್ತಿರ ಕರೆದ. ಮಾತು ಸಣ್ಣಗಾಗಿತ್ತು.

“ನಾ ಓದಾಗ ಅಕ್ಕನ್ಗ ಫೋನಲ್ಲಿ ಯೋಳ್ಬ್ಯಾಡಿ ಕಣ್ರಪ್ಪ. ಯಾರಾರ ಓಗಿ ಕೂರ್ಸಿ ಯೋಳಿ. ನಿಂತಿದ್ರ ಬಿದ್ಬುಟ್ಟಾಳು.”

ನಾನೇ ಹೋಗುತ್ತೇನೆ ಎಂದೆ. ಹೆಂಗಸರು ಈ ಕೆಲಸಕ್ಕೆ ಹೋದದ್ದು ನಮ್ಮ ಮನೆಯಲ್ಲಿ ಇರಲಿಲ್ಲ. ಅಪ್ಪ ಆಗಲಿ ಅನ್ನುವ ಹಾಗೆ ಕಣ್ಣು ಮುಚ್ಚಿ ತೆರೆದ. ಊರೂರು ಅಲೆದು ಪರರ ಸಾವನ್ನು ಅಷ್ಟು ಜತನದಿಂದ ಹೇಳಿ ಬಂದವನು ತನ್ನ ಸಾವಿಗೆ ಕೇಳಿದ್ದು ಇಷ್ಟು ಮಾತ್ರ. ಇದೊಂದನ್ನು ಸರಿಯಾಗಿ ಮಾಡಬೇಕು ಎಂದು ನಾನು ಗಟ್ಟಿ ಮಾಡಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ, ಡೇರಿಗೆ ಹಾಲು ಹಾಕಿ ಜನ ವಾಪಸು ಬರುವ ಹೊತ್ತಿಗೆ ಅಪ್ಪ ಹೋದ. ನಾನು ಅಳಲಿಲ್ಲ. ಅಳಲು ಕೂತರೆ ಹೊರಡಲು ಆಗುವುದಿಲ್ಲ ಎಂದು ಗೊತ್ತಿತ್ತು. ತಲೆಗೆ ಸ್ನಾನ ಮಾಡಿ ಸೀರೆ ಉಟ್ಟು ಚಪ್ಪಲಿ ಬಿಟ್ಟು ಹೊರಟೆ. ಫೋನನ್ನು ಅಪ್ಪನ ತಲೆದೆಸೆಯಲ್ಲಿ ಇಟ್ಟೆ. ಬೇಕೆಂದೇ ಇಟ್ಟೆ. ಅದು ಕೈಯಲ್ಲಿದ್ದರೆ ದಾರಿಯುದ್ದಕ್ಕೂ ಜನ ಕರೆಯುತ್ತಾರೆ, ನಾನು ಉತ್ತರ ಕೊಡುತ್ತೇನೆ, ಅತ್ತೆಗೆ ಮುಟ್ಟುವ ಮುಂಚೆ ಸುದ್ದಿ ನನ್ನ ಬಾಯಿಂದಲೇ ಹತ್ತು ಕಡೆ ಹೋಗುತ್ತದೆ. ಹೊಸಲು ದಾಟುವಾಗ ತಮ್ಮನಿಗೆ, ಅತ್ತೆಗೆ ಯಾರೂ ಫೋನ್ ಮಾಡಬೇಡಿ, ನಾನು ಅವಳನ್ನು ಆಟೋದಲ್ಲಾದರೂ ಕರೆದುಕೊಂಡು ಬರುವ ತನಕ ಎತ್ತಬೇಡಿ ಎಂದೆ. ತಮ್ಮ ಬೇಗ ಬಂದುಬಿಡು ಎಂದ. ಅಷ್ಟು ಮಾತು ಸಾಕು ಅಂದುಕೊಂಡೆ. ಸುದ್ದಿ ಒಯ್ದವರು ಬರುವ ತನಕ ಮಣ್ಣಿಲ್ಲ ಅನ್ನುವುದನ್ನು ನಮ್ಮ ಮನೆಯಲ್ಲೇ ಬಿಡಿಸಿ ಹೇಳಬೇಕಾಗುತ್ತದೆ ಎಂದು ನನಗೆ ಅನ್ನಿಸಲಿಲ್ಲ.

ಗುಂಡ್ಲುಪೇಟೆಗೆ ಬಸ್ಸು ತಡವಾಗಿ ಬಂತು. ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ, ನಿಲ್ಲಲು ಜಾಗವಿಲ್ಲದಷ್ಟು ಜನ. ಗುಂಡ್ಲುಪೇಟೆಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಹೆದ್ದಾರಿಯಲ್ಲಿ ತರಕಾರಿ ಲಾರಿಗಳು, ರಜೆಗೆ ಬಂದ ಕೇರಳದ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅತ್ತೆಯ ಊರಿನ ಬಸ್ಸು ಹೋಗಿಯಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಲ್ಲಿ ಇತ್ತು, ನಾಲಗೆ ಅಂಗುಳಕ್ಕೆ ಅಂಟಿತ್ತು, ಕುಡಿಯಲಿಲ್ಲ. ಬರಿಗಾಲು ಸುಡುತ್ತಿತ್ತು. ಅಪ್ಪ ಹೀಗೆ ಎಷ್ಟು ಸಲ ನಡೆದಿರಬಹುದು, ಅದೂ ತನ್ನನ್ನು ಹೊಸಲು ದಾಟಿಸದವರ ಸಾವಿಗಾಗಿ ಎಂದು ನೆನೆದು, ದುಃಖ ಬರಬೇಕಾದ ಜಾಗದಲ್ಲಿ ನನಗೆ ಕೆಟ್ಟ ಸಿಟ್ಟು ಬಂತು. ಕೊನೆಗೆ ಒಂದು ಆಟೋ ಮಾಡಿಕೊಂಡು ಹೊರಟೆ.

ಅತ್ತೆಯ ಮನೆಗೆ ಬೀಗ ಹಾಕಿತ್ತು. ಬಾಗಿಲ ಮುಂದೆ ಒಂದು ಪ್ಲಾಸ್ಟಿಕ್ ಬಿಂದಿಗೆ ಉರುಳಿ ಬಿದ್ದಿತ್ತು, ಸುತ್ತಲಿನ ನೆಲ ಇನ್ನೂ ತೇವವಾಗಿತ್ತು. ಪಕ್ಕದ ಮನೆಯವಳು ನನ್ನನ್ನು ಗುರುತು ಹಿಡಿದು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳಿಂದ ನಡೆದದ್ದು ತಿಳಿಯಿತು. ಆ ಊರಿನಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲ ಎಂದು ನಾನು ನೆಚ್ಚಿಕೊಂಡಿದ್ದೆ. ಅಲ್ಲಿಗೆ ಹೊಸ ಟವರ್ ಬಂದದ್ದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಹುಡುಗ, ತಾತನಿಗೆ ಎಲ್ಲರಿಗಿಂತ ಚೆನ್ನಾಗಿ ಮಾಡಬೇಕು ಎಂದು ಫೋಟೋ ಮಾಡಿ ಊರಿನ ಗುಂಪಿಗೆ ಹಾಕಿದ್ದ. ಅದು ನೆಂಟರಿಂದ ನೆಂಟರಿಗೆ ಹೋಗಿ ಅತ್ತೆಯ ಮೊಮ್ಮಗಳ ಫೋನಿಗೆ ಬಂದಿತ್ತು. ಹುಡುಗಿ ಕಿರುಚಿಕೊಂಡು ಫೋನು ಎತ್ತಿ ಹಿಡಿದು ಹೊರಗೆ ಓಡಿದಳು. ಅತ್ತೆ ನೀರು ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟು ಮೆಟ್ಟಿಲು ಹತ್ತುತ್ತಿದ್ದಳು. ಫೋನಿನಲ್ಲಿ ತನ್ನ ತಮ್ಮನ ಮುಖ, ಸುತ್ತ ಹೂವು, ಎರಡು ಕಡೆ ದೀಪ. ನಿಂತಲ್ಲಿಂದ ಹಾಗೇ ಹಿಂದಕ್ಕೆ ಬಿದ್ದಳು. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಗುಂಡ್ಲುಪೇಟೆಯ ಆಸ್ಪತ್ರೆಗೆ ಹೋಗಿದ್ದರು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಅವರು ನನ್ನ ಮುಂದೆಯೇ ಹಾದು ಹೋಗಿರಬೇಕು.

ಅತ್ತೆಗೆ ಯಾರೂ ಫೋನ್ ಮಾಡಲಿಲ್ಲ, ಅದು ನಿಜ. ಕೊಟ್ಟ ಮಾತನ್ನು ಯಾರೂ ಮೀರಲಿಲ್ಲ. ಯಾರ ಕೊರಳ ಪಟ್ಟಿ ಹಿಡಿದು ಕೇಳಲಿ? ಗಿರಣಿಯ ಯಂತ್ರ ಒಡೆದವರ ಬಗ್ಗೆ ಪಾಠ ಮಾಡುವಾಗ ನಾನು ಯಾವಾಗಲೂ, ಅವರು ತಿಳಿಯದೆ ಹಾಗೆ ಮಾಡಿದರು, ತಪ್ಪು ಯಂತ್ರದ್ದಲ್ಲ ಎಂದು ಹೇಳಿಕೊಡುತ್ತೇನೆ. ಆ ಬಾಗಿಲ ಮುಂದೆ ನಿಂತಾಗ ನನಗೂ ಏನನ್ನಾದರೂ ಒಡೆಯಬೇಕು ಅನ್ನಿಸಿತು. ಒಡೆಯಲು ಅಲ್ಲಿ ಏನೂ ಇರಲಿಲ್ಲ. ಬಿಂದಿಗೆಯನ್ನು ಎತ್ತಿ ಗೋಡೆಗೆ ಒರಗಿಸಿ, ಅದೇ ಆಟೋದಲ್ಲಿ ಗುಂಡ್ಲುಪೇಟೆಗೆ ವಾಪಸು ಬಂದೆ.

ಅತ್ತೆಯನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದ್ದರು. ಕೈಯ ಮೂಳೆ ಮುರಿದಿತ್ತು, ಹಿಂದಲೆಗೆ ಪಟ್ಟಿ ಕಟ್ಟಿದ್ದರು. ಮೊಮ್ಮಗಳು ಮೂಲೆಯಲ್ಲಿ ಬಿಕ್ಕುತ್ತಿದ್ದಳು, ತಾನು ಏನು ಮಾಡಿಬಿಟ್ಟೆ ಎಂದು ಅವಳಿಗೆ ಅರ್ಥವಾಗಿತ್ತು. ಅತ್ತೆ ಅಳುತ್ತಿರಲಿಲ್ಲ. ನನ್ನನ್ನು ನೋಡಿದಳು. ನನ್ನ ಬರಿಗಾಲನ್ನು ನೋಡಿದಳು. ಯಾವ ಮನೆಯಲ್ಲಿ ಹುಟ್ಟಿ ಬೆಳೆದವಳು ಅವಳು, ಅವಳಿಗೆ ಹೇಳಬೇಕಾ? ಮೊಮ್ಮಗಳನ್ನು ಕರೆದು ತನ್ನನ್ನು ಎಬ್ಬಿಸಿ ಕೂರಿಸು ಎಂದಳು. ನರ್ಸಮ್ಮ ಬೇಡ ಬೇಡ ಎಂದರೂ ಕೇಳಲಿಲ್ಲ. ನೋವಿಗೆ ಹಲ್ಲು ಕಚ್ಚಿಕೊಂಡು ಗೋಡೆಗೆ ಒರಗಿ ಕೂತಳು.

“ಆ ಕೂಸು ಏನೋ ಫೋಟ ತೋರಿಸ್ತು. ನಾ ಅದ ನೋಡ್ನಿಲ್ಲ ಅನ್ಕೊ. ನಾ ಕೂತಿವ್ನಿ ಕಣಮ್ಮಿ, ಈಗ ನೀ ಯೋಳು.”

ನಾನು ಅವಳ ಎದುರು ನಿಂತು, ತಲೆಯ ಮೇಲಿನ ಸೆರಗು ತೆಗೆದು ಕಂಕುಳಿಗೆ ಸಿಕ್ಕಿಸಿ, ಅಪ್ಪ ಹೇಳುತ್ತಿದ್ದ ಹಾಗೇ ಹೇಳಿದೆ.

“ಅಪ್ಪ ನಿನ್ನ ನೋಡ್ಬೇಕಂತೆ ಕಣತ್ತೆ. ಬರ್ಬೇಕಂತೆ.”

ಆಗ ಅತ್ತೆ ಅತ್ತಳು. ಹೊಟ್ಟೆಯೊಳಗಿನಿಂದ ಬಂದ ಅಳು, ಇಡೀ ವಾರ್ಡಿನಲ್ಲಿದ್ದವರು ತಿರುಗಿ ನೋಡಿದರು. ನಾನು ಮಂಚದ ಮೇಲೆ ಕೂತು ಅವಳನ್ನು ಹಿಡಿದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಒಳ್ಳೆಯ ಕೈಯಿಂದ ಕಣ್ಣೊರೆಸಿಕೊಂಡು, ಇನ್ನು ನೀರು ಕುಡಿ ಎಂದಳು. ಮೊಮ್ಮಗಳು ಬಾಟಲಿ ತಂದು ಕೊಟ್ಟಳು. ಅಪ್ಪ ಸುದ್ದಿ ಮುಟ್ಟಿಸಿದ ಮೇಲೆ ಕುಡಿಯುತ್ತಿದ್ದ ನೀರು ಇದು. ಅವನಿಗೆ ಅದನ್ನು ಯಾರೂ ಹೀಗೆ ಕೈಯಲ್ಲಿ ಕೊಟ್ಟಿರಲಿಲ್ಲ.

ಅತ್ತೆಯನ್ನು ಆ ದಿನ ಕಳಿಸುವುದಿಲ್ಲ ಎಂದು ಡಾಕ್ಟರು ಹೇಳಿದರು. ಹಾಗಾದರೆ ನಾನೊಬ್ಬಳೇ ಹೊರಡುತ್ತೇನೆ, ನಾನು ಬರುವ ತನಕವಾದರೂ ಎತ್ತಬೇಡಿ ಎಂದು ತಮ್ಮನಿಗೆ ಹೇಳಬೇಕಿತ್ತು. ಹೊರಗಿನ ವರಾಂಡಕ್ಕೆ ಬಂದು ಮೊಮ್ಮಗಳ ಫೋನು ಇಸಿದುಕೊಂಡೆ. ನಾನು ಮಾತು ಶುರು ಮಾಡುವ ಮುಂಚೆಯೇ ತಮ್ಮ ಆ ಕಡೆಯಿಂದ ಶುರು ಮಾಡಿದ್ದ.

“ಅಕ್ಕ, ಎಲ್ಲಿದ್ದೀಯಕ್ಕ? ನಿನ್ ಫೋನು ಇಲ್ಲೇ ಬಡ್ಕತದ. ಅತ್ತೆ ಬಿದ್ದವಳೆ, ಬರಲ್ಲ ಅಂದ್ರು. ಎಲ್ಲಾ ಬಂದ್ಬುಟ್ಟಿದ್ರು. ಮಣ್ ಮಾಡ್ಬುಟ್ಟೊ ಕಣಕ್ಕ.”

ನಾನು ನಿಂತಿದ್ದೆ. ಔಷಧಿ ಕೊಡುವ ಕಿಟಕಿಯ ಮುಂದೆ, ಸಾಲಿನಲ್ಲಿದ್ದವರ ಮಧ್ಯೆ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅರ್ಧ ಕುಡಿದ ಬಾಟಲಿ. ಒರಗಲು ಗೋಡೆ ಸಿಕ್ಕಿದ್ದರಿಂದ ಬೀಳಲಿಲ್ಲ. ತಮ್ಮನಿಗೆ ನನ್ನ ಮುಖ ಕಾಣಲಿಲ್ಲ. ನಾನು ಕೂತಿದ್ದೇನೋ ನಿಂತಿದ್ದೇನೋ ಅವನಿಗೆ ಗೊತ್ತಾಗುವ ದಾರಿ ಇರಲಿಲ್ಲ.

ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಮೊದಲು ಮಣ್ಣಿನ ಹತ್ತಿರ ಹೋದೆ. ಜೆಸಿಬಿಯ ಚಕ್ರದ ಗುರುತು ಗುಡ್ಡೆಯವರೆಗೂ ಇತ್ತು. ಊರಿನ ಎಷ್ಟೋ ಗುಂಡಿಗಳನ್ನು ಕೈಯಲ್ಲಿ ತೋಡಿದವನ ಗುಂಡಿಯನ್ನು ಯಂತ್ರ ಬೀಡಿ ಸೇದುವಷ್ಟರಲ್ಲಿ ತೋಡಿ ಹೋಗಿತ್ತು. ನನ್ನ ಪಾಲಿನ ಒಂದು ಹಿಡಿ ಮಣ್ಣನ್ನು ಮೇಲೆ ಹಾಕಿದೆ. ಅಷ್ಟೆಲ್ಲ ಮಣ್ಣಿನ ಮೇಲೆ ಅದ್ಯಾವ ಲೆಕ್ಕ?

ಮನೆಯ ಅಂಗಳಕ್ಕೆ ಬಂದೆ. ಶಾಮಿಯಾನ ಬಿಚ್ಚಿ, ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ತಮ್ಮನ ಕಣ್ಣು ಊದಿತ್ತು. ಅವನು ಕೆಟ್ಟವನಲ್ಲ. ಫೋಟೋದಲ್ಲಿ ಹನ್ನೆರಡಕ್ಕೆ ಎಂದು ಹಾಕಿದ್ದರು, ಮೈಸೂರಿನಿಂದ ಬಂದವರು ಹೊರಡುವ ಆತುರದಲ್ಲಿದ್ದರು, ಬಿಸಿಲು ಜಾಸ್ತಿ ಇತ್ತು, ಅತ್ತೆ ಬರುವುದಿಲ್ಲ ಎಂದು ಗೊತ್ತಾಯಿತು, ನಾನು ಅತ್ತೆಯ ಜೊತೆ ಆಸ್ಪತ್ರೆಯಲ್ಲೇ ಉಳಿದಿರುತ್ತೇನೆ ಅಂದುಕೊಂಡರು. ಎಲ್ಲದಕ್ಕೂ ಕಾರಣ ಇತ್ತು, ಒಂದೂ ಸುಳ್ಳಲ್ಲ. ಇನ್ನು ಯಾರಿಗೆ ಕಾಯುವುದು, ಎಲ್ಲರಿಗೂ ಮುಟ್ಟಿತ್ತಲ್ಲ ಎಂದು ಹಿರಿಯರೊಬ್ಬರು ಕೇಳಿದರಂತೆ. ಸುದ್ದಿ ಒಯ್ದವಳು ಇನ್ನೂ ಬಂದಿಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಸುದ್ದಿಯನ್ನು ಒಬ್ಬರು ಒಯ್ಯಬೇಕು ಎಂಬುದೇ ಜನರಿಗೆ ಮರೆತುಹೋಗಿತ್ತು.

ಅಪ್ಪನ ಹಾಸಿಗೆ ಇದ್ದ ಜಾಗದಲ್ಲಿ ನನ್ನ ಫೋನು ಹಾಗೇ ಇತ್ತು. ತೆಗೆದು ನೋಡಿದೆ. ಊರಿನ ಗುಂಪಿನಲ್ಲಿ ಅಪ್ಪನ ಫೋಟೋ, ಅದರ ಕೆಳಗೆ ಓಂ ಶಾಂತಿಗಳ ಉದ್ದ ಸಾಲು. ಅದರ ನಡುವೆ ದೊಡ್ಡ ಮನೆಯ ಹಿರಿಯ ಮಗನ ಹೆಸರೂ ಇತ್ತು. ಈಗ ಮುದುಕನಾಗಿರುವ ಅವನೇ, ಹೊಂಗೆ ಮರದ ಕೆಳಗೆ ನಿಂತವನನ್ನು ಗುಂಡಿ ಕಡೆಗೆ ಕಳಿಸಿದವನು. ಕೆಳಗಿನ ಬೀದಿಗೆ ಅವನು ಇಳಿದು ಬಂದಿರಲಿಲ್ಲ, ಎರಡು ಬೀದಿಯ ನಡುವಿನ ದೂರ ಎಷ್ಟು ಎಂದು ನಮಗೆಲ್ಲ ಗೊತ್ತು. ಅವನು ಮಾತು ಏನೂ ಬರೆದಿರಲಿಲ್ಲ, ಜೋಡಿಸಿದ ಎರಡು ಹಳದಿ ಕೈಗಳನ್ನು ಹಾಕಿದ್ದ. ಆ ಮನೆಯವರು ನಮ್ಮಪ್ಪನಿಗೆ ಕೈಮುಗಿದದ್ದು ಅದೇ ಮೊದಲು.

ನಾನು ಅಂಗಳಕ್ಕೆ ಹೊರಬಂದು ಅಪ್ಪ ನಿಲ್ಲುತ್ತಿದ್ದ ಹಾಗೆ ನಿಂತೆ. ಮುಟ್ಟಿಸಿ ಬಂದೆ ಎಂದು ಹೇಳಬೇಕಿತ್ತು, ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ತಮ್ಮನಿಗೆ ಆಗ ಅಪ್ಪನ ಮಾತು ನೆನಪಾಗಿರಬೇಕು. ಪೇರಿಸಿದ ಕುರ್ಚಿಗಳಲ್ಲಿ ಮೇಲಿನದೊಂದನ್ನು ಎಳೆದು ನನ್ನ ಮುಂದೆ ಹಾಕಿದ.

“ಕೂತ್ಕೊ ಅಕ್ಕ,” ಎಂದ. “ಯೋಳ್ತೀನಿ.”

ನಾನು ಕೂರಲಿಲ್ಲ.